ಕೆರೆ ದಂಡೆಯ ಗೂಡುಪೆಟ್ಟಿಗೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಗ್ಗೆ ಏಣಿ ಹೊತ್ತುಕೊಂಡು ಕೆರೆ ಏರಿ ಮೇಲೆ ಹೋಗುತ್ತಿದ್ದರೆ ವಾಕಿಂಗ್ ಬಂದವರು ನಿಲ್ಲಿಸಿ ಮಾತಾಡಿಸುತ್ತಾರೆ. "ಅದೇನು ಮರದ ಮೇಲೆ, ಸಿಸಿ ಕ್ಯಾಮೆರಾನಾ?" ಅಂತ ಶುರುವಾದ ಮಾತು ಗುಬ್ಬಚ್ಚಿ, ಗೂಬೆ, ಹಾವು ಎಲ್ಲ ಸುತ್ತಿಕೊಂಡು ಬರುತ್ತದೆ. ಅದು ಕ್ಯಾಮೆರಾ ಅಲ್ಲ, ಹಕ್ಕಿಗಳು ಒಳಗೆ ಮೊಟ್ಟೆ ಇಟ್ಟು ಮರಿ ಮಾಡಲಿ ಅಂತ ನಾವು ಕಟ್ಟುವ ಪೆಟ್ಟಿಗೆ. ಹೊಸದಾಗಿ ಸೇರುವ ಸ್ವಯಂಸೇವಕರಿಗೂ ಅವೇ ಅನುಮಾನಗಳು. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿದ್ದೇನೆ. ನಮ್ಮದು ಬೆಂಗಳೂರಿನ ಉತ್ತರ ಭಾಗದ ಒಂದು ಕೆರೆ. ಹೂಳೆತ್ತಿ, ಏರಿ ಗಟ್ಟಿ ಮಾಡಿ, ಮತ್ತೆ ನೀರು ನಿಲ್ಲಿಸಿದ ಕೆರೆ. ಹೆಸರು ಬೇಕೆಂದೇ ಬರೆದಿಲ್ಲ. ಕಾರಣ ಗೂಬೆಯ ಪ್ರಶ್ನೆಯಲ್ಲಿ ಸಿಗುತ್ತದೆ.

ಕೆರೆ ಸುತ್ತ ಇಷ್ಟೊಂದು ಮರ ಇದ್ದರೂ ಪೆಟ್ಟಿಗೆ ಯಾಕೆ?

ಮರ ಇದೆ, ಪೊಟರೆ ಇಲ್ಲ. ಗಿಳಿ, ಗೊರವಂಕ, ಕಪ್ಪು ಬಿಳಿ ಬಣ್ಣದ ಮಡಿವಾಳ ಹಕ್ಕಿ, ಹಾಲಕ್ಕಿ ಅನ್ನುವ ಪುಟ್ಟ ಗೂಬೆ ಇವೆಲ್ಲ ಮೊಟ್ಟೆ ಇಡುವುದು ತೂತಿನೊಳಗೆ. ಆದರೆ ಆ ತೂತನ್ನು ಹೊಸದಾಗಿ ಕೊರೆಯುವ ಕೊಕ್ಕು ಇವಕ್ಕಿಲ್ಲ. ಕೊರೆಯುವವರು ಮರಕುಟಿಗ, ಕುಟ್ರುಹಕ್ಕಿ, ಬೇಸಿಗೆಯಲ್ಲಿ ಟುಕ್ ಟುಕ್ ಅನ್ನುವ ಕಂಚುಕುಟಿಗ. ಅವರು ಬಿಟ್ಟುಹೋದ ಮನೆಗೆ ಇವರು ಬಾಡಿಗೆಗೆ ಬರುತ್ತಾರೆ. ಇಲ್ಲವೇ ಹಳೇ ಮರದ ಕೊಂಬೆ ಮುರಿದ ಜಾಗ ಕೊಳೆತು, ಟೊಳ್ಳಾಗಿ, ತಾನಾಗೇ ಪೊಟರೆ ಆಗಬೇಕು. ಅದಕ್ಕೆ ಎಷ್ಟೋ ದಶಕ ಹಿಡಿಯುತ್ತದೆ.

ಕೆರೆ ಅಭಿವೃದ್ಧಿ ಮಾಡುವಾಗ ಮೊದಲು ಹೋಗುವುದೇ ಇಂಥ ಮರ. ಅಂಗಳದೊಳಗಿನ ಹಳೇ ಜಾಲಿ, ಒಣಗಿ ನಿಂತ ಬೋಳು ಮರ, ಟೊಳ್ಳು ಬುಡ ಎಲ್ಲ "ಕ್ಲೀನ್" ಆಗುತ್ತವೆ. ಆಮೇಲೆ ಹೊಂಗೆ, ನೇರಳೆ, ಮತ್ತಿ ಸಸಿ ನೆಡುತ್ತಾರೆ. ನೆಡಲೇಬೇಕು, ಅದು ಒಳ್ಳೆಯ ಕೆಲಸ. ಆದರೆ ನೆಟ್ಟು ಹತ್ತು ಹದಿನೈದು ವರ್ಷ ಆದ ಹೊಂಗೆಯಲ್ಲಿ ನೆರಳಿರುತ್ತದೆ, ಹೂವಿರುತ್ತದೆ, ಪೊಟರೆ ಇರುವುದಿಲ್ಲ. ಆ ಮರ ಹಳೆಯದಾಗುವ ತನಕ ಪೆಟ್ಟಿಗೆ ಅದರ ಜಾಗದಲ್ಲಿ ನಿಂತಿರುತ್ತದೆ. ನಮ್ಮ ಕೆಲಸ ಅಷ್ಟೇ.

ಒಣಮರ ಕಡಿಯಲು ಯಾರಾದರೂ ಬಂದರೆ ದಯವಿಟ್ಟು ನಮಗೆ ಹೇಳಿ. ಒಂದು ವರ್ಷ ಏರಿಯ ಕೆಳಗಿದ್ದ ಒಣ ಜಾಲಿಯೊಂದು ನಾವು ಬರುವಷ್ಟರಲ್ಲಿ ತುಂಡಾಗಿ ಬಿದ್ದಿತ್ತು. ಅದರಲ್ಲಿ ಗಿಳಿಗಳ ಮೂರು ತೂತು ಇದ್ದವು. ಆ ಒಂದು ಮರಕ್ಕೆ ನಾವು ಎಷ್ಟು ಪೆಟ್ಟಿಗೆ ಇಟ್ಟರೂ ಸಮ ಆಗಲಿಲ್ಲ. ದಾರಿಗೆ ಬೀಳುವ ಅಪಾಯ ಇಲ್ಲದಿದ್ದರೆ ಒಣಮರ ನಿಲ್ಲಲಿ.

ಹಾಗಾದರೆ ಇದು ನೀರು ಹಕ್ಕಿಗಳಿಗೋಸ್ಕರ ಅಲ್ವಾ?

ಬಹುಪಾಲು ಅಲ್ಲ. ಎಲ್ಲರಿಗೂ ಇಲ್ಲೇ ಆಶ್ಚರ್ಯ ಆಗುವುದು.

ಗುಳುಮುಳುಕ ಕೊಳೆತ ಜಲಸಸ್ಯ ಗುಡ್ಡೆ ಹಾಕಿ ನೀರಿನ ಮೇಲೇ ತೇಲುವ ಗೂಡು ಮಾಡುತ್ತದೆ. ಗೂಡು ಬಿಟ್ಟು ಹೊರಡುವಾಗ ಮೊಟ್ಟೆಯ ಮೇಲೆ ಒದ್ದೆ ಎಲೆ ಎಳೆದು ಮುಚ್ಚಿಹೋಗುತ್ತದೆ. ನಾಮದ ಕೋಳಿ, ನೇರಳೆ ಜಂಬುಕೋಳಿಗೆ ಜೊಂಡು ಬೇಕು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ದೊಡ್ಡ ಮರಗಳ ಮೇಲೆ ಗುಂಪಾಗಿ ಗೂಡು ಕಟ್ಟುತ್ತವೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಊರೊಳಗಿನ ಮರಗಳಲ್ಲೇ ಕಟ್ಟುತ್ತವೆ, ನೋಡಿರಬಹುದು. ಇವು ಯಾವುದಕ್ಕೂ ಪೆಟ್ಟಿಗೆ ಬೇಡ. ಇವಕ್ಕೆ ಬೇಕಾದ್ದು ಕೆರೆ ಮಧ್ಯದ ನಡುಗಡ್ಡೆ, ಕಿತ್ತು ಹಾಕದೆ ಬಿಟ್ಟ ಜೊಂಡು, ದೋಣಿ ಮತ್ತು ನಾಯಿ ಬಾರದ ಒಂದು ಮೂಲೆ. ಜೊಂಡು ನೋಡಿ "ಕೆರೆ ಕೊಳಕಾಗಿದೆ, ತೆಗೆಸಿ" ಅಂತ ದೂರು ಕೊಡುವವರಿದ್ದಾರೆ. ಅತಿಯಾಗಿ ಹಬ್ಬಿದ್ದನ್ನು ಒಂದಿಷ್ಟು ತೆಗೆಯಬೇಕಾಗುತ್ತದೆ, ನಿಜ. ಪೂರ್ತಿ ಬೋಳಿಸಿದರೆ ಒಂದೇ ದಿನಕ್ಕೆ ನೂರಾರು ಹಕ್ಕಿಗಳ ಮನೆ ಹೋಗುತ್ತದೆ.

ಮಿಂಚುಳ್ಳಿ ಮತ್ತು ಕಳ್ಳಿಪೀರ ಮಣ್ಣಿನ ದಿಬ್ಬದಲ್ಲಿ ಸುರಂಗ ತೋಡುತ್ತವೆ. ಕೆರೆ ಏರಿಗೆ ಸುತ್ತಲೂ ಕಲ್ಲು ಕಟ್ಟಿಬಿಟ್ಟರೆ ಅವು ಎಲ್ಲಿ ತೋಡಬೇಕು? ನಾವು ಕೋಡಿಯ ಹತ್ತಿರ ಎದೆಯೆತ್ತರದ ಮಣ್ಣಿನ ಗೋಡೆಯೊಂದನ್ನು ನೆಟ್ಟಗೆ ಕೆತ್ತಿ ಹಾಗೇ ಬಿಟ್ಟಿದ್ದೇವೆ. ಖರ್ಚು ಏನೂ ಇಲ್ಲ, ಗುದ್ದಲಿ ಇದ್ದರೆ ಸಾಕು. ಪೆಟ್ಟಿಗೆಗಿಂತ ಇದೇ ನನಗೆ ಹೆಚ್ಚು ಇಷ್ಟದ ಕೆಲಸ.

ಬಾತುಗಳಲ್ಲಿ ಕೆಲವು ಮಾತ್ರ ಪೊಟರೆ ಬಳಸುತ್ತವೆ. ನಮ್ಮ ಸಿಳ್ಳೆ ಬಾತು ಮರದ ಟೊಳ್ಳಿನಲ್ಲೂ ಇಡುತ್ತದೆ, ಹುಲ್ಲಿನ ನಡುವೆ ನೆಲದ ಮೇಲೂ ಇಡುತ್ತದೆ. ಅಮೆರಿಕದ ವುಡ್ ಡಕ್‌ಗೆ ಪೊಟರೆಯೇ ಬೇಕು. ಬೇಟೆಯಿಂದಲೂ ಕಾಡು ಕಡಿದದ್ದರಿಂದಲೂ ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅದು ತುಂಬ ವಿರಳವಾಗಿತ್ತು. ಬೇಟೆಗೆ ತಡೆ ಬಿತ್ತು. 1930ರ ದಶಕದಿಂದ ಜೌಗು ಪ್ರದೇಶಗಳಲ್ಲಿ ಸಾವಿರಾರು ಪೆಟ್ಟಿಗೆ ಇಟ್ಟರು. ಹಕ್ಕಿ ಮತ್ತೆ ತುಂಬಿಕೊಂಡಿತು. ಸ್ವಯಂಸೇವಕರು ಪೆಟ್ಟಿಗೆ ನೋಡಿಕೊಳ್ಳುವ ಪದ್ಧತಿ ಬೆಳೆದದ್ದರಲ್ಲಿ ಆ ಬಾತಿನ ಪಾಲು ದೊಡ್ಡದು.

ನಮ್ಮಲ್ಲಿ ಯಾವ ಹಕ್ಕಿಗಳು ಬರುತ್ತವೆ?

ಗೊರವಂಕ ಎಲ್ಲಕ್ಕಿಂತ ಮೊದಲು. ಮಡಿವಾಳ ಹಕ್ಕಿ, ಹಾಲಕ್ಕಿ ಬರುತ್ತವೆ. ದೊಡ್ಡ ಪೆಟ್ಟಿಗೆ ಇಟ್ಟರೆ ಕಣಜ ಗೂಬೆ, ಗಿಳಿ. ಮರ ದಟ್ಟವಾಗಿದ್ದರೆ ಚೇಕಡಿ ಹಕ್ಕಿ. ನಮ್ಮ ರಾಜ್ಯ ಪಕ್ಷಿ ನೀಲಕಂಠವೂ ಪೊಟರೆಯದ್ದೇ, ಚಂದ್ರಮುಕುಟವೂ ಅಷ್ಟೇ. ಅವು ನಮ್ಮ ಪೆಟ್ಟಿಗೆಗೆ ಇನ್ನೂ ಬಂದಿಲ್ಲ. ಬರಲಿ ಅಂತ ಆಸೆ ಇದೆ.

ಕುಟ್ರುಹಕ್ಕಿ, ಮರಕುಟಿಗಗಳಿಗೆ ತಾವೇ ಕೊರೆದರೇ ತೃಪ್ತಿ. ಅವಕ್ಕೆ ಮೆತ್ತಗಿನ ಮರದ ಒಣಕೊಂಬೆ ಉಳಿಸಿ. ನುಗ್ಗೆ, ಹಾಲುವಾಣ, ಗುಲ್‌ಮೊಹರ್‌ಗಳಲ್ಲಿ ಅವು ಕೊರೆದ ದುಂಡನೆ ತೂತು ಕಾಣಬಹುದು.

ಗುಬ್ಬಚ್ಚಿ?

ಗುಬ್ಬಚ್ಚಿ ಮನುಷ್ಯರ ಹಕ್ಕಿ. ಕೆರೆ ಮಧ್ಯದ ಮರಕ್ಕಿಂತ ನಿಮ್ಮ ಮನೆಯ ಸಜ್ಜಾ ಕೆಳಗೆ, ಕಿರಾಣಿ ಅಂಗಡಿಯ ಬೋರ್ಡಿನ ಹಿಂದೆ ಅದಕ್ಕೆ ಇಷ್ಟ. 2020ರ ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್ ವರದಿಯ ಪ್ರಕಾರ ದೇಶದ ಒಟ್ಟು ಲೆಕ್ಕದಲ್ಲಿ ಗುಬ್ಬಚ್ಚಿ ಹೆಚ್ಚುಕಡಿಮೆ ಸ್ಥಿರವಾಗಿದೆ. ಕಡಿಮೆಯಾಗಿರುವುದು ಬೆಂಗಳೂರಿನಂಥ ಮಹಾನಗರಗಳಲ್ಲಿ. ಹೆಂಚಿನ ಮನೆಯ ಸಂದಿ ಹೋಯಿತು, ಅಂಗಳದಲ್ಲಿ ಅಕ್ಕಿ ಕೇರುವುದು ನಿಂತಿತು, ಮರಿಗೆ ತಿನ್ನಿಸಲು ಹುಳ ಸಿಗುತ್ತಿಲ್ಲ. ಗುಬ್ಬಚ್ಚಿಗೆ ಪೆಟ್ಟಿಗೆ ಇಡುವ ಮನಸ್ಸಿದ್ದರೆ ಮನೆಯಲ್ಲೇ ಇಡಿ. ಈಗಾಗಲೇ ಗುಬ್ಬಚ್ಚಿ ಓಡಾಡುವ ಬೀದಿಯಾದರೆ ಬೇಗ ಬರುತ್ತವೆ. ಪಕ್ಕದಲ್ಲೇ ಒಂದು ಪೊದೆ ಇದ್ದರಂತೂ ಇನ್ನೂ ಒಳ್ಳೆಯದು.

ಪೆಟ್ಟಿಗೆ ಅಳತೆ ಹೇಳಿ. ಮನೆಯಲ್ಲೇ ಮಾಡಬಹುದಾ?

ಖಂಡಿತ ಮಾಡಬಹುದು. ಗರಗಸ, ಸ್ಕ್ರೂ, ಡ್ರಿಲ್ ಇದ್ದರೆ ಒಂದು ಮಧ್ಯಾಹ್ನದ ಕೆಲಸ.

ಮುಖ್ಯವಾದದ್ದು ಬಾಗಿಲ ತೂತು. ಅದೇ ಯಾರು ಒಳಗೆ ಬರಬೇಕು ಅಂತ ತೀರ್ಮಾನ ಮಾಡುವುದು. ಚೇಕಡಿಗೆ 3 ಸೆಂಟಿಮೀಟರ್. ಗುಬ್ಬಚ್ಚಿಗೆ 3.2. ಮಡಿವಾಳ ಮತ್ತು ಗೊರವಂಕಕ್ಕೆ 5. ಹಾಲಕ್ಕಿಗೆ 7ರಿಂದ 7.5. ಕಣಜ ಗೂಬೆಗೆ 13ರಿಂದ 15. ತಳ ಚೇಕಡಿಗೆ 12 ಸೆಂಟಿಮೀಟರ್ ಚೌಕ, ಮಡಿವಾಳಕ್ಕೆ 15, ಹಾಲಕ್ಕಿಗೆ 20. ಕಣಜ ಗೂಬೆಯ ಪೆಟ್ಟಿಗೆ ಬೇರೆಯದೇ ಲೆಕ್ಕ, ಅರವತ್ತು ಸೆಂಟಿಮೀಟರ್ ಉದ್ದ, ನಲವತ್ತು ಅಗಲ ಬೇಕು. ಅದನ್ನು ಒಬ್ಬರೇ ಮೇಲೆತ್ತಲು ಹೋಗಬೇಡಿ.

ಸಣ್ಣ ಪೆಟ್ಟಿಗೆಯಲ್ಲೂ ತೂತು ತಳದಿಂದ 15 ಸೆಂಟಿಮೀಟರ್ ಮೇಲಿರಲಿ. ಕಡಿಮೆಯಾದರೆ ಬೆಕ್ಕು ಕೈ ಹಾಕಿ ಮರಿ ಎಳೆಯುತ್ತದೆ. ಮುಂದಿನ ಹಲಗೆಯ ಒಳಮೈ ಒರಟಾಗಿರಬೇಕು, ಮರಿ ಹತ್ತಿ ಹೊರಬರಲು ಹಿಡಿತ ಬೇಕಲ್ಲ. ನುಣುಪಾದ ಪ್ಲೈವುಡ್ ಆದರೆ ಗರಗಸದಿಂದ ಅಡ್ಡ ಗೀರು ಹಾಕಿ. ತಳದ ನಾಲ್ಕು ಮೂಲೆಗೆ ನೀರು ಬಸಿಯುವ ಸಣ್ಣ ತೂತು. ಪಕ್ಕದ ಹಲಗೆಗಳ ಮೇಲ್ತುದಿಯಲ್ಲಿ ಗಾಳಿಯಾಡುವ ತೂತು. ಪೆಟ್ಟಿಗೆಯ ಚಾವಣಿ ಮುಂದಕ್ಕೆ ಇಳಿಜಾರಾಗಿ ಚಾಚಿರಲಿ. ಒಂದು ಪಕ್ಕ ತಿರುಪು ಬಿಚ್ಚಿ ತೆಗೆಯುವ ಹಾಗಿರಲಿ, ಇಲ್ಲದಿದ್ದರೆ ಚೊಕ್ಕಟ ಮಾಡಲು ಆಗುವುದಿಲ್ಲ.

ಹಲಗೆ 15ರಿಂದ 20 ಮಿಲಿಮೀಟರ್ ದಪ್ಪ ಇದ್ದರೆ ಏಪ್ರಿಲ್ ಬಿಸಿಲಿಗೆ ಒಳಗೆ ಕಾಯುವುದಿಲ್ಲ. ಸಾಮಿಲ್‌ನಲ್ಲಿ ಉಳಿದ ಸಿಲ್ವರ್ ಓಕ್ ತುಂಡು ಅಗ್ಗಕ್ಕೆ ಸಿಗುತ್ತದೆ. ವಿದೇಶದಿಂದ ಸಾಮಾನು ಬಂದ ಪೈನ್ ಪ್ಯಾಕಿಂಗ್ ಹಲಗೆಯೂ ಆಗುತ್ತದೆ. ಆದರೆ ಅದರ ಮೇಲಿನ ಮುದ್ರೆ ನೋಡಿ. ಎಚ್‌ಟಿ ಅಂತಿದ್ದರೆ ಬಿಸಿ ಮಾಡಿ ಹುಳ ಕೊಂದಿದ್ದಾರೆ, ತೊಂದರೆ ಇಲ್ಲ. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ವಿಷದ ಹೊಗೆ ಕೊಟ್ಟಿದ್ದಾರೆ, ಬೇಡವೇ ಬೇಡ. ಒಳಗೆ ಬಣ್ಣ, ವಾರ್ನಿಷ್ ಹಚ್ಚಬೇಡಿ.

ಅಂಗಡಿಯಲ್ಲಿ ಸಿಗುವ ಚೆಂದದ ಪೆಟ್ಟಿಗೆ ತಂದರೆ?

ಬಾಗಿಲ ಮುಂದೆ ಕೂರಲು ಕಡ್ಡಿ ಇರುತ್ತದಲ್ಲ, ಅದನ್ನು ಕಿತ್ತುಹಾಕಿ. ಪೊಟರೆ ಹಕ್ಕಿಗೆ ಕಡ್ಡಿ ಬೇಕಿಲ್ಲ. ಕಾಗೆಗೂ ಕೆಂಬೂತಕ್ಕೂ ಅದು ನಿಂತು ಮರಿ ಕದಿಯುವ ಮೆಟ್ಟಿಲಾಗುತ್ತದೆ. ಪ್ಲಾಸ್ಟಿಕ್ ಮತ್ತು ತಗಡಿನದು ಬಿಸಿಲಿಗೆ ಒಲೆಯಾಗುತ್ತದೆ, ಅದನ್ನು ತರಲೇಬೇಡಿ. ಮಣ್ಣಿನ ಮಡಕೆ ನೆರಳಲ್ಲಿ ಪರವಾಗಿಲ್ಲ.

ಎಲ್ಲಿ ಕಟ್ಟಬೇಕು? ಎಷ್ಟು ಕಟ್ಟಬೇಕು?

ಬಾಗಿಲು ಪೂರ್ವಕ್ಕೋ ಉತ್ತರಕ್ಕೋ ಇರಲಿ. ಮಧ್ಯಾಹ್ನದ ಬಿಸಿಲೂ ತಪ್ಪುತ್ತದೆ, ನೈಋತ್ಯದ ಮಳೆ ಎರಚಲೂ ತಪ್ಪುತ್ತದೆ. ಮಡಿವಾಳದ ಪೆಟ್ಟಿಗೆಯನ್ನು ಎರಡು ಮೂರು ಮೀಟರ್ ಎತ್ತರದಲ್ಲಿ, ನೆರಳಿರುವ ಕಡೆ ಕಟ್ಟುತ್ತೇವೆ. ಬಯಲಿಗೆ ಮುಖ ಮಾಡಿ ಎತ್ತರದಲ್ಲಿ ಕಟ್ಟಿದರೆ ಗೊರವಂಕ ಬಂದು ಮಡಿವಾಳವನ್ನು ಓಡಿಸಿಬಿಡುತ್ತದೆ. ಹಾಲಕ್ಕಿಗೆ ನಾಲ್ಕೈದು ಮೀಟರ್ ಎತ್ತರ, ವಾಕಿಂಗ್ ಪಾತ್‌ನಿಂದ ದೂರ.

ಮೊಳೆ ಹೊಡೆಯಬೇಡಿ. ಹಳೇ ಸೈಕಲ್ ಟ್ಯೂಬಿನೊಳಗೆ ತಂತಿ ತೂರಿಸಿ ಕಟ್ಟಿ. ಪ್ರತಿ ವರ್ಷ ಸಡಿಲ ಮಾಡಿ ಮತ್ತೆ ಕಟ್ಟಿ, ಮರ ದಪ್ಪ ಆಗುತ್ತಿರುತ್ತದೆ.

ಎಷ್ಟು ಅನ್ನುವುದಕ್ಕೆ ನನ್ನ ಉತ್ತರ ಯಾವಾಗಲೂ ಒಂದೇ. ನೀವು ವಾರಕ್ಕೊಮ್ಮೆ ನಿಜವಾಗಿ ನೋಡಿಕೊಳ್ಳಲು ಆಗುವಷ್ಟು. ಅಮೆರಿಕದಲ್ಲಿ ವುಡ್ ಡಕ್ ಪೆಟ್ಟಿಗೆಗಳನ್ನು ಬಯಲಲ್ಲಿ ಒತ್ತೊತ್ತಾಗಿ ಇಟ್ಟ ಕಡೆ ಒಂದು ಹೆಣ್ಣು ಬಾತು ಇನ್ನೊಂದರ ಪೆಟ್ಟಿಗೆ ಕಂಡು ಅಲ್ಲೇ ಹೋಗಿ ಮೊಟ್ಟೆ ಇಟ್ಟಿತು. ಒಂದೇ ಪೆಟ್ಟಿಗೆಯಲ್ಲಿ ರಾಶಿ ಮೊಟ್ಟೆ ಸೇರಿತು, ಕಾವು ಸರಿಯಾಗಿ ಸಿಗದೆ ಎಷ್ಟೋ ಹಾಳಾದವು. ಆಮೇಲೆ ಅಲ್ಲಿನವರು ಪೆಟ್ಟಿಗೆಗಳನ್ನು ಮರೆಯಲ್ಲಿ, ದೂರ ದೂರ ಇಡಲು ಕಲಿತರು. ಒಂದು ಕಾರ್ಯಕ್ರಮ ಮಾಡಿ, ಫೋಟೊ ತೆಗೆಸಿ, ಐವತ್ತು ಪೆಟ್ಟಿಗೆ ಕಟ್ಟಿ ಹೋದ ಗುಂಪುಗಳನ್ನು ನಾನು ನೋಡಿದ್ದೇನೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಪೆಟ್ಟಿಗೆಗಳು ಓರೆಯಾಗಿ ನೇತಾಡುತ್ತಿದ್ದವು. ಮರಿ ಇರುವಾಗ ಪೆಟ್ಟಿಗೆ ಕಳಚಿ ಬಿದ್ದರೆ, ಅದನ್ನು ಇಡದೇ ಇದ್ದಿದ್ದರೇ ಚೆನ್ನಾಗಿತ್ತು.

ಯಾವ ತಿಂಗಳಲ್ಲಿ ಕಟ್ಟಬೇಕು?

ದೀಪಾವಳಿ ಹೊತ್ತಿಗೆ ಎಲ್ಲ ಮೇಲಿರಬೇಕು. ಗಿಳಿ, ಹಾಲಕ್ಕಿ ಚಳಿಗಾಲ ಮುಗಿಯುವ ಮೊದಲೇ ಮನೆ ಹುಡುಕುತ್ತವೆ. ಮಡಿವಾಳದ್ದು ಮಾರ್ಚ್‌ನಿಂದ. ಬೆಳಗಿನ ಜಾವ ಗಂಡು ಎತ್ತರದ ಕೊಂಬೆಯಲ್ಲಿ ಕೂತು ಹಾಡಲು ಶುರು ಮಾಡಿತು ಅಂದರೆ ಗೊತ್ತಾಗುತ್ತದೆ. ಗೊರವಂಕ ಏಪ್ರಿಲ್‌ನಿಂದ ಮಳೆಗಾಲದ ತನಕ.

ಹಾಲಕ್ಕಿ, ಕಣಜ ಗೂಬೆ, ಗಿಳಿ ಇವು ಹುಲ್ಲು ಕಡ್ಡಿ ತರುವುದಿಲ್ಲ. ಅವುಗಳ ಪೆಟ್ಟಿಗೆಗೆ ನಾವೇ ಎರಡು ಬೆರಳು ದಪ್ಪ ಒಣ ಮರದ ಸಿಪ್ಪೆ ಹಾಕಬೇಕು. ಬಡಗಿ ಉಜ್ಜುಗೊರಡು ಹೊಡೆದಾಗ ಬೀಳುತ್ತದಲ್ಲ, ಅದು. ನುಣ್ಣನೆ ಹೊಟ್ಟು ಬೇಡ, ನೆನೆದರೆ ಗಟ್ಟಿಯಾಗುತ್ತದೆ.

ಒಳಗೆ ಇಣುಕಿ ನೋಡಬಹುದಾ?

ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಗಳ ಗೂಡು, ಮೊಟ್ಟೆಗಳಿಗೆ ತೊಂದರೆ ಕೊಡುವುದನ್ನೂ ಬೇಟೆಯ ಲೆಕ್ಕಕ್ಕೇ ಸೇರಿಸಿದ್ದಾರೆ. ಪೆಟ್ಟಿಗೆ ನೀವೇ ಮಾಡಿದ್ದಿರಬಹುದು, ಒಳಗೆ ಇರುವ ಗೂಡು ನಿಮ್ಮದಲ್ಲ.

ನಮ್ಮ ತಂಡ ದೂರದಿಂದ ಬೈನಾಕ್ಯುಲರ್‌ನಲ್ಲಿ ನೋಡುತ್ತದೆ. ಒಂದು ಪೆಟ್ಟಿಗೆಗೆ ಇಪ್ಪತ್ತು ನಿಮಿಷ ಕೂತರೆ ಬೇಕಾದ್ದೆಲ್ಲ ತಿಳಿಯುತ್ತದೆ. ಕಡ್ಡಿ ಹೊತ್ತು ಬಂದರೆ ಗೂಡು ಕಟ್ಟುತ್ತಿದೆ. ಒಂದೇ ಹಕ್ಕಿ ಒಳಗೆ ಹೋಗಿ ಬಹಳ ಹೊತ್ತು ಬರದಿದ್ದರೆ ಕಾವು ಕೂತಿದೆ. ಎರಡೂ ಹುಳ ಕಚ್ಚಿಕೊಂಡು ಓಡಾಡುತ್ತಿದ್ದರೆ ಮರಿ ಇದೆ. ಬಾಯಲ್ಲಿ ಬಿಳಿ ಹಿಕ್ಕೆಯ ಚೀಲ ಹಿಡಿದು ಹೊರಗೆ ಹಾರಿದರೆ ಮರಿ ಚೆನ್ನಾಗಿ ತಿನ್ನುತ್ತಿದೆ. ಇಷ್ಟನ್ನೇ ದಿನಾಂಕ, ಪೆಟ್ಟಿಗೆ ನಂಬರ್ ಜೊತೆ ನೋಟ್‌ಬುಕ್‌ನಲ್ಲಿ ಬರೆಯಿರಿ. ಹಕ್ಕಿಗಳ ಪಟ್ಟಿಯನ್ನು ಇ-ಬರ್ಡ್‌ಗೆ, ಅಂದರೆ ಹಕ್ಕಿ ನೋಡುವವರು ತಾವು ಕಂಡದ್ದನ್ನು ದಾಖಲಿಸುವ ಜಾಲತಾಣಕ್ಕೆ, ಹಾಕುತ್ತೇವೆ.

ಫ್ಲ್ಯಾಶ್ ಬೇಡ. ಮೊಬೈಲ್‌ನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು ಬೇಡವೇ ಬೇಡ. ಗೂಡಿನ ಫೋಟೊ ಜೊತೆ ಲೊಕೇಶನ್ ಹಂಚಬೇಡಿ.

ಗೂಬೆಗೆ ಯಾಕೆ ಪೆಟ್ಟಿಗೆ? ಅಪಶಕುನ ಅಲ್ವಾ?

ಈ ಪ್ರಶ್ನೆ ಕೇಳುವ ಹಿರಿಯರಿಗೆ ನಾನು ಬುಡುಬುಡಿಕೆಯವರನ್ನು ನೆನಪಿಸುತ್ತೇನೆ. ಬೆಳಗಿನ ಜಾವ ಬಾಗಿಲಿಗೆ ಬಂದು "ಹಾಲಕ್ಕಿ ನುಡಿತೈತೆ, ಶುಭ ನುಡಿತೈತೆ" ಅನ್ನುತ್ತಿದ್ದರಲ್ಲ, ಆ ಹಾಲಕ್ಕಿ ಇದೇ ಪುಟ್ಟ ಗೂಬೆ. ನಮ್ಮ ಅಜ್ಜಿಯರು ಅದರ ದನಿಗೆ ಮೊರದಲ್ಲಿ ಅಕ್ಕಿ ಕೊಟ್ಟು ಕಳಿಸುತ್ತಿದ್ದರು. ಇಷ್ಟು ಹೇಳಿದರೆ ಬಹಳ ಜನ ನಕ್ಕು, ಒಂದು ಸಲ ತೋರಿಸಿ ಅನ್ನುತ್ತಾರೆ.

ಕಣಜ ಗೂಬೆಗೆ ಆ ಹೆಸರು ಬಂದದ್ದೇ ಕಣಜದ ಸುತ್ತ ಇಲಿ ಹಿಡಿಯುವುದರಿಂದ. ಇಸ್ರೇಲಿನ ರೈತರು 1980ರ ದಶಕದಿಂದ ಹೊಲಗಳಲ್ಲಿ ಪೆಟ್ಟಿಗೆ ಇಟ್ಟು ಇದೇ ಗೂಬೆಯಿಂದ ಇಲಿ ಕಾಟ ತಗ್ಗಿಸುತ್ತಿದ್ದಾರೆ. ಇಲಿ ಪಾಷಾಣದ ಬಳಕೆಯೂ ಇಳಿಯಿತು. ಕೆರೆ ಪಕ್ಕದ ಅಪಾರ್ಟ್‌ಮೆಂಟಿನವರಿಗೆ ನನ್ನ ಕೋರಿಕೆ ಇದು. ದಯವಿಟ್ಟು ಇಲಿ ಪಾಷಾಣ ಇಡಬೇಡಿ. ಪಾಷಾಣ ತಿಂದ ಇಲಿಯನ್ನು ಗೂಬೆ ತಿಂದರೆ ಗೂಬೆಯೂ ಸಾಯುತ್ತದೆ, ಗೂಡಿನ ಮರಿಗಳೂ ಸಾಯುತ್ತವೆ.

ಇನ್ನೊಂದು ಕಡೆ, ಮಾಟ ಮಂತ್ರದ ಹೆಸರಲ್ಲಿ ಗೂಬೆ ಹಿಡಿದು ಮಾರುವವರಿದ್ದಾರೆ. ದೀಪಾವಳಿ ಸುತ್ತಮುತ್ತ ಅದು ಜಾಸ್ತಿ. ಅದಕ್ಕೇ ಗೂಬೆ ಪೆಟ್ಟಿಗೆ ಯಾವ ಮರದಲ್ಲಿದೆ ಅಂತ ತಂಡದ ಒಳಗೂ ಎಲ್ಲರಿಗೂ ಹೇಳುವುದಿಲ್ಲ. ಹೊಸಬರು ಬೇಸರ ಮಾಡಿಕೊಳ್ಳಬೇಡಿ.

ಪೆಟ್ಟಿಗೆಯಲ್ಲಿ ಹಾವು ಸೇರಿದೆ! ಜೇನು ಕಟ್ಟಿದೆ!

ಕೇರೆ ಹಾವು ಮರ ಹತ್ತುತ್ತದೆ, ಮೊಟ್ಟೆ ಮರಿ ತಿನ್ನುತ್ತದೆ. ಕೆರೆಯಲ್ಲಿ ಅದಕ್ಕೂ ಜಾಗ ಇದೆ. ಹೊಡೆಯಬೇಡಿ, ಕೈಯನ್ನೂ ಹಾಕಬೇಡಿ. ಮುಂದಿನ ವರ್ಷ ಒಂಟಿ ಕಂಬಕ್ಕೆ ಕಟ್ಟಿ, ಕಂಬಕ್ಕೆ ನುಣುಪಾದ ತಗಡಿನ ಸುತ್ತು ಹಾಕಿ ನೋಡೋಣ. ತುಡುವೆ ಜೇನು ಬಂದರೆ ಆ ಪೆಟ್ಟಿಗೆ ಈ ವರ್ಷ ಜೇನಿನದು ಅಂತ ಬಿಟ್ಟುಬಿಡುತ್ತೇವೆ. ಔಷಧಿ ಹೊಡೆಯುವ ಮಾತೇ ಇಲ್ಲ. ಅಳಿಲು ನಾರು ತುಂಬಿಕೊಂಡರೂ ಅಷ್ಟೇ.

ಮರಿ ಕೆಳಗೆ ಬಿದ್ದಿದೆ. ಏನು ಮಾಡಲಿ?

ಮೊದಲು ರೆಕ್ಕೆ ನೋಡಿ. ಪುಕ್ಕ ಪೂರ್ತಿ ಬಂದು, ಬಾಲ ಮೋಟಾಗಿ, ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿರುವ ಮರಿ. ಅಪ್ಪ ಅಮ್ಮ ಹತ್ತಿರದಲ್ಲೇ ಇರುತ್ತವೆ. ಹತ್ತಿರದ ಪೊದೆ ಮೇಲೆ ಕೂರಿಸಿ, ನಾಯಿ ಬೆಕ್ಕು ಬಾರದಂತೆ ದೂರ ನಿಂತು ನೋಡಿ. ಮೈಮೇಲೆ ಪುಕ್ಕ ಇಲ್ಲದಿದ್ದರೆ, ಕಣ್ಣೂ ಬಿಟ್ಟಿಲ್ಲದಿದ್ದರೆ ಅದನ್ನು ಗೂಡಿಗೇ ಸೇರಿಸಬೇಕು. ಮನುಷ್ಯ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅನ್ನುವುದು ಸುಳ್ಳು. ನಮ್ಮ ಏಣಿ ಇದೆ, ಕರೆಯಿರಿ.

ನೀರು ಕುಡಿಸಬೇಡಿ. ಹಾಲು, ಅನ್ನ, ಬ್ರೆಡ್ ಕೊಡಬೇಡಿ. ಗಾಯ ಆಗಿದ್ದರೆ ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಬಟ್ಟೆ ಹಾಸಿ, ಕತ್ತಲಲ್ಲಿ ಇಟ್ಟು ವನ್ಯಜೀವಿ ಆಸ್ಪತ್ರೆಗೆ ಒಯ್ಯಬೇಕು. ಕೆಂಗೇರಿಯಲ್ಲಿ ಪೀಪಲ್ ಫಾರ್ ಅನಿಮಲ್ಸ್‌ನವರದ್ದಿದೆ. ಗಿಳಿ ಮರಿಯನ್ನು ಮನೆಗೆ ಒಯ್ದು ಸಾಕುವುದು ಕಾನೂನಿಗೆ ವಿರುದ್ಧ. ಪ್ರೀತಿಯಿಂದ ಒಯ್ದರೂ ಅಷ್ಟೇ.

ಅನುಮತಿ ಬೇಕಾ?

ಬೇಕು. ಕೆರೆ ಯಾರ ಸುಪರ್ದಿಯಲ್ಲಿದೆಯೋ ಅವರಿಂದ, ಬರವಣಿಗೆಯಲ್ಲಿ. ಪಾಲಿಕೆಯೋ ಅರಣ್ಯ ಇಲಾಖೆಯೋ ಅಂತ ಮೊದಲು ತಿಳಿದುಕೊಳ್ಳಿ. ಪತ್ರದ ಪ್ರತಿ ಕೆರೆ ಕಾವಲುಗಾರರ ಬಳಿಯೂ ಇರಲಿ. ನಮ್ಮ ಪೆಟ್ಟಿಗೆಗಳನ್ನು ಹಗಲೂ ರಾತ್ರಿ ನಿಜವಾಗಿ ಕಾಯುವವರು ಅವರೇ.

ಒಂದು ವರ್ಷ ಆಯ್ತು, ಯಾರೂ ಬಂದಿಲ್ಲ. ತೆಗೆದುಬಿಡಲಾ?

ಇನ್ನೊಂದು ವರ್ಷ ಬಿಡಿ. ನನ್ನ ಮೊದಲ ಪೆಟ್ಟಿಗೆ ಎರಡು ಬೇಸಿಗೆ ಖಾಲಿ ಇತ್ತು. ಪ್ರತಿ ಭಾನುವಾರ ಅದರ ಕೆಳಗೆ ನಿಂತು ನೋಡಿ ಬರುತ್ತಿದ್ದೆ. ಮೂರನೇ ವರ್ಷ ಅದನ್ನು ಎದುರಿನ ನೇರಳೆ ಮರಕ್ಕೆ, ಇನ್ನಷ್ಟು ನೆರಳಿಗೆ ಬದಲಾಯಿಸಿದೆ. ಮಾರ್ಚ್‌ನಲ್ಲಿ ಮಡಿವಾಳ ಜೋಡಿ ಬಂತು. ಮೂರು ವರ್ಷ ಆದರೂ ಖಾಲಿಯೇ ಇದ್ದರೆ ಜಾಗ ಬದಲಿಸಿ.

ಚೊಕ್ಕಟ ಮಾಡುವುದು ಯಾವಾಗ?

ಸೆಪ್ಟೆಂಬರ್‌ನಲ್ಲಿ, ವರ್ಷಕ್ಕೊಮ್ಮೆ. ಎರಡು ವಾರ ದೂರದಿಂದ ನೋಡಿ, ಒಳಗೆ ಯಾರೂ ಇಲ್ಲ ಅಂತ ಖಚಿತ ಮಾಡಿಕೊಂಡ ಮೇಲೆ. ಗುಬ್ಬಚ್ಚಿ ವರ್ಷದಲ್ಲಿ ಹಲವು ಸಲ ಮರಿ ಮಾಡುವುದರಿಂದ ಅದರ ಪೆಟ್ಟಿಗೆಗೆ ಈ ಲೆಕ್ಕ ಆಗುವುದಿಲ್ಲ. ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್ ಹಾಕಿಕೊಳ್ಳಿ, ಒಣಗಿದ ಹಿಕ್ಕೆಯ ಧೂಳು ಎದೆಗೆ ಒಳ್ಳೆಯದಲ್ಲ. ಹಳೇ ಗೂಡು ತೆಗೆದು, ಕುದಿಯುವ ನೀರು ಹಾಕಿ, ಬಿಸಿಲಿಗೆ ಒಣಗಿಸಿ ಮತ್ತೆ ಕಟ್ಟಿ. ಫಿನಾಯಿಲ್ ಬೇಡ.

ತೆಗೆದ ಗೂಡನ್ನು ಎಸೆಯುವ ಮೊದಲು ನ್ಯೂಸ್‌ಪೇಪರ್ ಮೇಲೆ ಹರಡಿ ನೋಡುತ್ತೇವೆ. ಮಕ್ಕಳಿಗೆ ಇದೇ ಹಬ್ಬ. ಗೊರವಂಕದ ಗೂಡಿನಲ್ಲಿ ಬೇರು, ಹುಲ್ಲು, ಚಿಂದಿ ಬಟ್ಟೆ, ಚಿಪ್ಸ್ ಕವರು, ಒಮ್ಮೊಮ್ಮೆ ಹಾವಿನ ಪೊರೆಯೂ ಸಿಗುತ್ತದೆ. ಹೋದ ಸಲ ಗಣೇಶನ ಹಬ್ಬದ ಜರಿ ದಾರ ಇತ್ತು. ದಾರ, ಪ್ಲಾಸ್ಟಿಕ್ ಬೇರೆ ಮಾಡಿ ಕಸಕ್ಕೆ ಹಾಕಿ, ಉಳಿದದ್ದನ್ನು ಅದೇ ಮರದ ಬುಡಕ್ಕೆ ಸುರಿಯುತ್ತೇವೆ.